ಜಲಚಕ್ರದ ಚಿತ್ರದಲ್ಲಿ ಸುರಂಗ ಬರೆದ ಹುಡುಗನಿಗೆ ಎಷ್ಟು ಅಂಕ ಕೊಡಬೇಕು?

ಏಳನೇ ಬಿ ಟೀಚರ್

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಒಂದು ಕನ್ನಡ ಮಾಧ್ಯಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ಉತ್ತರ ಪತ್ರಿಕೆ ನಾಲ್ಕು ದಿನಗಳಿಂದ ನನ್ನ ಚೀಲದಲ್ಲೇ ಇದೆ. ತಿದ್ದಿ ಆಗಿದೆ, ಹಿಂದಿರುಗಿಸಲು ಕೈ ಬರುತ್ತಿಲ್ಲ.

ಪ್ರಶ್ನೆ ಸರಳವಾದುದು: ಜಲಚಕ್ರವನ್ನು ಚಿತ್ರ ಸಹಿತ ವಿವರಿಸಿ. ಐದು ಅಂಕ. ತರಗತಿಯಲ್ಲಿ 27 ಮಕ್ಕಳಿದ್ದಾರೆ. 26 ಮಂದಿಯ ಚಿತ್ರಗಳು ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿವೆ. ಎಡಗಡೆ ಚೂಪು ತುದಿಯ ಬೆಟ್ಟ, ಬಲಗಡೆ ಕಡಲು, ಮೇಲೆ ಕಿರಣ ಬಿಟ್ಟ ಸೂರ್ಯ, ನಡುವೆ ಬಾಣಗಳು. ನಮ್ಮ ಶಾಲೆಯ ಕಿಟಕಿಯಿಂದ ನೋಡಿದರೆ ಚೂಪು ಬೆಟ್ಟ ಒಂದೂ ಕಾಣಿಸುವುದಿಲ್ಲ. ಇರುವುದೆಲ್ಲ ತಲೆ ಚಪ್ಪಟೆಯಾದ ಗುಡ್ಡ, ನಮ್ಮ ಮಾತಿನಲ್ಲಿ ಪದವು. ಆದರೂ ಅಷ್ಟೂ ಮಕ್ಕಳು ಪುಸ್ತಕದ ಬೆಟ್ಟವನ್ನೇ ಬರೆದಿದ್ದಾರೆ.

ಒಬ್ಬ ಹುಡುಗ ಮಾತ್ರ ಪದವಿನ ಚಿತ್ರ ಬರೆದ. ಹಲ್ವಾ ಕತ್ತರಿಸಿದ ಹಾಗೆ ಅದನ್ನು ನಡುವೆ ಕತ್ತರಿಸಿ ಒಳಗನ್ನು ತೋರಿಸಿದ. ಮೇಲಿನ ಪದರಕ್ಕೆ ಚುಕ್ಕೆ ಚುಕ್ಕೆ ಇಟ್ಟು ಮುರಕಲ್ಲು (ತೂತು ತೂತಾದ ಕೆಂಪು ಕಲ್ಲು) ಎಂದಿದ್ದಾನೆ, ಅದರ ಕೆಳಗೆ ಶೇಡಿಮಣ್ಣು (ಜೇಡಿಮಣ್ಣು). ಮಳೆಯ ಗೆರೆಗಳು ಚುಕ್ಕೆಗಳ ನಡುವೆ ಇಳಿಯುತ್ತಾ ಹೋಗಿ ಶೇಡಿಯ ಮೇಲೆ ನಿಂತಿವೆ. ಅಲ್ಲಿಗೆ ಸರಿಯಾಗಿ, ನೀರಿಗಾಗಿ ಗುಡ್ಡಕ್ಕೆ ತೋಡಿದ ಒಂದು ಸುರಂಗ. ಸುರಂಗದ ಬಾಯಿಯಿಂದ ಪೈಪು, ಪೈಪಿನಿಂದ ಟಾಂಕಿ, ಟಾಂಕಿಯಿಂದ ತೋಟ. ವಿವರಣೆ ಎರಡೇ ಸಾಲು, ಅದರಲ್ಲಿ ಆರು ಕಾಗುಣಿತದ ತಪ್ಪು.

ಉತ್ತರ ಸೂಚಿಯಲ್ಲಿ ಆವಿಯಾಗುವಿಕೆ, ಸಾಂದ್ರೀಕರಣ, ಮಳೆ, ಹರಿವು ಎಂದು ಇದೆ. ಅವನ ಚಿತ್ರದಲ್ಲಿ ಮೋಡಕ್ಕೆ ನೀರು ಹೋಗುವ ಬಾಣವೇ ಇಲ್ಲ. ಎರಡು ಅಂಕ ಕೊಟ್ಟೆ. ಕೊಟ್ಟ ಮೇಲೆ ಅನ್ನಿಸಿತು: ನಮ್ಮ ಶಾಲೆಗಳಲ್ಲಿ ಚಿತ್ರ ಎಂದರೆ ಉತ್ತರಕ್ಕೆ ತೊಡಿಸುವ ಒಡವೆಯೋ, ಅಥವಾ ಅದೇ ಉತ್ತರವೋ? ನನ್ನ ತರಗತಿಯಲ್ಲಿ ತುಳು, ಮಲಯಾಳ, ಬ್ಯಾರಿ, ಹವ್ಯಕ, ಮರಾಟಿ ಮನೆಮಾತಿನ ಮಕ್ಕಳಿದ್ದಾರೆ. ಪುಸ್ತಕದ ಕನ್ನಡ ಅವರಲ್ಲಿ ಹೆಚ್ಚಿನವರಿಗೆ ಎರಡನೆಯ ಅಥವಾ ಮೂರನೆಯ ಭಾಷೆ. ತಿಳಿದದ್ದನ್ನು ತೋರಿಸಲು ಅವರಿಗೆ ವಾಕ್ಯವೊಂದನ್ನೇ ಬಿಟ್ಟರೆ ಬೇರೆ ದಾರಿ ಕೊಟ್ಟಿದ್ದೇವೆಯೇ?

ನಿವೃತ್ತ ಗಣಿತ

ಟೀಚರೇ, ಎರಡು ಅಂಕ ಸರಿಯಾಗಿಯೇ ಇದೆ. ಕೇಳಿದ್ದು ಚಕ್ರ. ಅವನು ಬರೆದದ್ದು ಅರ್ಧ ಚಕ್ರ. ಸುರಂಗ ಎಷ್ಟೇ ಚಂದವಿದ್ದರೂ ಮೇಲಕ್ಕೆ ಹೋಗದ ನೀರು ಕೆಳಕ್ಕೆ ಬೀಳುವುದು ಹೇಗೆ? ಕನಿಕರದ ಮೇಲೆ ಅಂಕ ಕೊಡಲು ಹೊರಟರೆ ಕೊನೆಯಿಲ್ಲ.

ಇನ್ನೊಂದು ಮಾತು. ಈಗ ಎಲ್ಲಿ ನೋಡಿದರೂ ‘ಡಿಸೈನ್ ಥಿಂಕಿಂಗ್’ (ವಿನ್ಯಾಸ ಚಿಂತನೆ) ಎಂಬ ಜಪ. ನನ್ನ ಸೊಸೆ ಅಂತಹ ಒಂದು ತರಬೇತಿಗೆ ಹೋಗಿ ಬಂದಳು. ಇಡೀ ದಿನ ಬಣ್ಣಬಣ್ಣದ ಚೀಟಿಗಳಲ್ಲಿ ಒಂದೊಂದು ಪದ ಬರೆದು ಗೋಡೆಗೆ ಅಂಟಿಸಿದರಂತೆ. ಸಂಜೆ ಫ್ಯಾನಿನ ಗಾಳಿಗೆ ಅರ್ಧ ಚೀಟಿ ಉದುರಿತಂತೆ. ಉದುರಿದ್ದು ಯಾವುದು, ಉಳಿದದ್ದು ಯಾವುದು ಎಂದು ಯಾರೂ ನೋಡಲಿಲ್ಲವಂತೆ.

ಗುಡ್ಡದ ಮನೆ

ಟೀಚರೇ, ಒಂದೇ ಪ್ರಶ್ನೆ. ಅವನು ಬರೆದ ಸುರಂಗದ ನೆಲ ಯಾವ ಕಡೆಗೆ ವಾಲಿದೆ? ಒಳಗಿನ ತುದಿ ಮೇಲೆ, ಬಾಯಿ ಕೆಳಗೆ ಇದೆಯೇ?

ಏಳನೇ ಬಿ ಟೀಚರ್

ಈಗ ಚೀಲದಿಂದ ತೆಗೆದು ನೋಡಿದೆ. ಹೌದು, ಒಳಗೆ ಹೋಗುತ್ತಾ ಸ್ವಲ್ಪ ಏರಿದೆ. ಕೈ ನಡುಗಿ ಹಾಗಾಗಿದೆ ಎಂದುಕೊಂಡಿದ್ದೆ.

ಗುಡ್ಡದ ಮನೆ

ಕೈ ನಡುಗಿದ್ದಲ್ಲ. ಅವನ ಮನೆಯಲ್ಲಿ ಸುರಂಗ ಇದೆ, ಅಥವಾ ಅವನ ಅಜ್ಜ ಸುರಂಗ ತೋಡಿದವರು. ನನ್ನ ತಂದೆಯೂ ಅದೇ ಕೆಲಸದವರು, ಹಾಗಾಗಿ ಹೇಳುತ್ತೇನೆ.

ಬಾವಿ ಕೆಳಕ್ಕೆ ಇಳಿಯುತ್ತದೆ, ಸುರಂಗ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಹೋಗುತ್ತದೆ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ನಿಲ್ಲುವಷ್ಟೇ ಅಗಲ, ತಲೆ ತಾಗದಷ್ಟು ಎತ್ತರ. ಅದಕ್ಕಿಂತ ದೊಡ್ಡದು ಮಾಡಿದರೆ ಹೊರಗೆ ಹೊರಬೇಕಾದ ಮಣ್ಣು ಹೆಚ್ಚು, ಕುಸಿಯುವ ಭಯವೂ ಹೆಚ್ಚು. ಒಳಗೆ ಒಂದು ಮೇಣದ ಬತ್ತಿ ಉರಿಯುತ್ತಿರಬೇಕು. ಅದು ಮಂಕಾದರೆ ಉಸಿರಿಗೆ ಗಾಳಿ ಸಾಲದು ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು. ನೆಲ ಬಾಯಿಯ ಕಡೆಗೆ ಸ್ವಲ್ಪವೇ ಇಳಿಜಾರು. ಹೆಚ್ಚಾದರೆ ನೀರು ಮಣ್ಣನ್ನು ಕೊಚ್ಚುತ್ತದೆ, ಕಡಿಮೆಯಾದರೆ ಅಲ್ಲೇ ನಿಲ್ಲುತ್ತದೆ. ಒಸರು ಸಿಕ್ಕಿದ ಮೇಲೆ ಒಳಗೇ ಒಂದು ಸಣ್ಣ ಮಣ್ಣಿನ ಕಟ್ಟೆ ಕಟ್ಟಿ ಅದರಿಂದ ನೀರನ್ನು ಹೊರಗೆ ತರುವುದು. ಈಗ ಪೈಪು, ಆಗ ಅಡಿಕೆ ಮರದ ದಂಬೆ. ಪಂಪು ಬೇಡ, ಕರೆಂಟು ಬೇಡ.

ತಂದೆಗೆ ಕಾಗದದಲ್ಲಿ ಒಂದು ಗೆರೆ ಎಳೆದು ಗೊತ್ತಿರಲಿಲ್ಲ. ಆದರೆ ಕೆಲಸ ಶುರು ಮಾಡುವ ಮೊದಲು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಡ್ಡಿಯಿಂದ ಗುಡ್ಡವನ್ನು ಗೀರುತ್ತಿದ್ದರು. ಜೊತೆಯ ಆಳು “ಅಲ್ಲಿ ಬಂಡೆ ಸಿಗುತ್ತದೆ” ಎನ್ನುತ್ತಿದ್ದ. ತಂದೆ ಕಾಲಿನಿಂದ ಗೆರೆ ಒರೆಸಿ ಇನ್ನೊಂದು ಕಡೆಯಿಂದ ಗೀರುತ್ತಿದ್ದರು. ಅದು ಅರ್ಧ ದಿನ ನಡೆಯುತ್ತಿತ್ತು. ಅಮ್ಮನಿಗೆ ಸಿಟ್ಟು, ಅಂಗಳ ಗುಡಿಸಿದ್ದು ವ್ಯರ್ಥವಾಯಿತೆಂದು. ಅಂಗಳದಲ್ಲಿ ತಪ್ಪಿದರೆ ಹೋಗುವುದು ಒಂದು ಗೆರೆ, ಗುಡ್ಡದಲ್ಲಿ ತಪ್ಪಿದರೆ ಒಂದು ತಿಂಗಳ ಕೂಲಿ.

ಪೆರ್ಲದಿಂದ ಪೀಣ್ಯ

ಗುಡ್ಡದ ಮನೆಯ ಅಣ್ಣನಿಗೆ ಕೈ ಮುಗಿದೆ. ಲಕ್ಷಗಟ್ಟಲೆ ಶುಲ್ಕ ಕಟ್ಟಿ ವಿನ್ಯಾಸ ಕಲಿತವನು ನಾನು. ಮೊದಲ ವರ್ಷ ನಮಗೆ ಕಲಿಸಿದ್ದು ಇಷ್ಟೇ: ಅಂಗಳದಲ್ಲಿ ಗೀರು, ಒರೆಸು, ಮತ್ತೆ ಗೀರು. ಅದಕ್ಕೆ ಪ್ರೋಟೊಟೈಪ್ ಎಂಬ ಹೆಸರು.

ಮಾಷ್ಟ್ರೇ, ನಿಮ್ಮ ಸೊಸೆಯ ಚೀಟಿಗಳ ಬಗ್ಗೆ ನನ್ನ ತಕರಾರಿಲ್ಲ, ನಾನೂ ಅಂತಹ ಚೀಟಿಗಳನ್ನು ಅಂಟಿಸಿ ಸುಸ್ತಾದವನು. ಆದರೆ ಮೂಲ ವಿಚಾರ ಚೀಟಿಗಿಂತ ಹಳೆಯದು. ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ 1969ರಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಿದರೆ, ಈಗಿರುವ ಸ್ಥಿತಿಯನ್ನು ಬೇಕಾದ ಸ್ಥಿತಿಗೆ ತರಲು ಉಪಾಯ ಹೂಡುವ ಯಾರಾದರೂ ವಿನ್ಯಾಸಕಾರರೇ. ನೀರಿಲ್ಲದ ಮನೆಗೆ ನೀರು ಬರುವ ಹಾಗೆ ಮಾಡಿದ ಅಣ್ಣನ ತಂದೆಯೂ.

ಇನ್ನೂ ಹತ್ತಿರದ ಉದಾಹರಣೆ. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ವಿನ್ಯಾಸಕಾರ ದಂಪತಿಯನ್ನು ಭಾರತ ಸರ್ಕಾರ ಕರೆಸಿಕೊಂಡಿತು. ಅವರು ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ಅದರ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಆ ವರದಿಯಲ್ಲಿ ಅವರು ಅತಿಯಾಗಿ ಮೆಚ್ಚಿದ ವಸ್ತು ಯಾವುದು ಗೊತ್ತೇ? ನಮ್ಮ ಚೆಂಬು. ಚೆಂಬನ್ನು ಹೊಸದಾಗಿ ಮಾಡಬೇಕಾದರೆ ಏನೇನು ಕೇಳಿಕೊಳ್ಳಬೇಕು ಎಂದು ಅವರು ಉದ್ದಕ್ಕೆ ಬರೆದರು. ಎಷ್ಟು ನೀರು ಹಿಡಿಯಬೇಕು, ಹಿಡಿಯುವುದು ಗಂಡಸಿನ ಕೈಯೋ ಹೆಂಗಸಿನ ಕೈಯೋ ಮಗುವಿನ ಕೈಯೋ, ಹೊರುವುದು ತಲೆಯ ಮೇಲೋ ಸೊಂಟದಲ್ಲೋ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಖಾಲಿಯಾದಾಗ ಎಲ್ಲಿ, ತೊಳೆಯಲು ಕೈ ಒಳಗೆ ಹೋಗುತ್ತದೆಯೇ, ಬೆಲೆ ಎಷ್ಟು, ಬಡಿದರೆ ಹೇಗೆ ಸದ್ದು ಮಾಡುತ್ತದೆ ಎಂಬುದೂ.

ನಾನು ಐದನೆಯ ತರಗತಿಯಲ್ಲಿದ್ದಾಗ ತಲೆಯ ಮೇಲೆ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇಟ್ಟುಕೊಂಡು ಸೊಪ್ಪು ಹೊತ್ತಿದ್ದೇನೆ. ಹಾಳೆಯನ್ನು ಏಕೆ ನೆನೆಸುತ್ತಾರೆ, ಏಕೆ ಹಾಗೆಯೇ ಮಡಚಿ ಹೊಲಿಯುತ್ತಾರೆ, ಹೊರೆ ಇಟ್ಟಾಗ ಅದು ಏಕೆ ಜಾರುವುದಿಲ್ಲ ಎಂದು ಶಾಲೆಯಲ್ಲಿ ಒಬ್ಬರಾದರೂ ಕೇಳಿದ್ದರೆ! ವೃತ್ತಿಪರಿಚಯ ಮೇಳಕ್ಕೆ ಮಾತ್ರ ಥರ್ಮೊಕೋಲಿನ ತಾಜಮಹಲ್ ಮಾಡಿಸಿದರು.

ಚೌಕಿ

ತಾಜಮಹಲ್ ನಾನೂ ಮಾಡಿದ್ದೇನೆ. ಎರಡನೆಯ ಬಹುಮಾನ ಬಂತು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಕುಳಿತು ಕಣ್ಣಿನ ಭಾಷೆ ಹೊಸದು ಎಂದು ಯಾರೂ ಹೇಳಬಾರದು. ಆಟದ ನಡುವೆ ನಿದ್ದೆಗೆ ಜಾರಿದ ಮಗು ಚೆಂಡೆಯ ಸದ್ದಿಗೆ ಎದ್ದು ರಂಗಸ್ಥಳ ನೋಡಿದರೆ, ಒಂದು ಮಾತು ಕೇಳುವ ಮೊದಲೇ ಬಂದವನು ರಾಕ್ಷಸ ಎಂದು ತಿಳಿಯುತ್ತದೆ. ಮುಖದ ತುಂಬ ಇಟ್ಟ ಚುಟ್ಟಿಯೇ ಅದನ್ನು ಹೇಳುತ್ತದೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಒಂದೊಂದೇ ಮುಳ್ಳನ್ನು ಇಡುತ್ತಾ ಬಣ್ಣದ ವೇಷದವರು ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂರುವುದನ್ನು ಮಕ್ಕಳಿಗೆ ಒಮ್ಮೆ ತೋರಿಸಿ. ದೂರದ ಕೊನೆಯ ಸಾಲಿಗೆ ಏನು ಕಾಣಬೇಕು ಎಂಬ ಲೆಕ್ಕ ಅವರ ಬೆರಳಿನಲ್ಲಿದೆ.

ನಿವೃತ್ತ ಗಣಿತ

ಚೆಂಬಿನ ಕಥೆ ಚೆನ್ನಾಗಿದೆ, ಚುಟ್ಟಿಯ ಕಥೆಯೂ. ಅಂಕದ ಪ್ರಶ್ನೆ ಅಲ್ಲೇ ಇದೆ.

ಆದರೂ ನನ್ನದೇ ಒಂದು ಅನುಭವವನ್ನು ಹೇಳದಿದ್ದರೆ ನ್ಯಾಯವಲ್ಲ. ತ್ರಿಕೋನದ ಒಂದು ಪ್ರಮೇಯವನ್ನು ಇಡೀ ತರಗತಿ ಗಿಣಿಪಾಠದಂತೆ ಒಪ್ಪಿಸುತ್ತಿತ್ತು. ಒಂದು ದಿನ ಸುಮ್ಮನೆ ಆ ತ್ರಿಕೋನವನ್ನು ತಲೆಕೆಳಗಾಗಿ ಬರೆದೆ, ಶೃಂಗಗಳ ಹೆಸರನ್ನೂ ಬದಲಿಸಿದೆ. ಎಲ್ಲರೂ ಬಾಯಿ ಮುಚ್ಚಿದರು. ಮೊದಲ ಬೆಂಚಿನ ಹುಡುಗಿ ಪುಸ್ತಕವನ್ನೇ ತಿರುಗಿಸಿ ಹಿಡಿದು ನೋಡಿದಳು. ಆ ಆಕೃತಿಯನ್ನು ಅವರು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ, ಓದಿದ್ದರು ಅಷ್ಟೆ. ಆ ಮೇಲೆ ನಾನು ಪ್ರತಿ ಪ್ರಮೇಯಕ್ಕೂ ರಟ್ಟು ಕತ್ತರಿಸಿ ಕೊಡತೊಡಗಿದೆ. ಇದಕ್ಕೆ ವಿನ್ಯಾಸ ಚಿಂತನೆ ಎಂದು ಹೆಸರಿಡುವುದಾದರೆ ಇಡಿ. ನಾನು ಅದನ್ನು ಕಣ್ಣು ಬಿಟ್ಟು ನೋಡುವುದು ಎನ್ನುತ್ತೇನೆ.

ಅನುಮಾನ ಪಿಶಾಚಿ

ಒಂದು ಎಚ್ಚರಿಕೆ ಹೇಳಿ ಹೋಗುತ್ತೇನೆ. ಇನ್ನು ಯಾರಾದರೂ ಬಂದು “ಆ ಹುಡುಗ ನೋಡಿ ಕಲಿಯುವ ಜಾತಿಯವನು, ಉಳಿದ 26 ಮಂದಿ ಕೇಳಿ ಕಲಿಯುವ ಜಾತಿಯವರು” ಎಂದು ಚೀಟಿ ಅಂಟಿಸುತ್ತಾರೆ. ಆ ಸಿದ್ಧಾಂತ ಶಿಕ್ಷಕರ ತರಬೇತಿಗಳಲ್ಲಿ ಇನ್ನೂ ಜೀವಂತವಾಗಿದೆ. 2008ರಲ್ಲಿ ನಾಲ್ವರು ಅಮೆರಿಕನ್ ಮನೋವಿಜ್ಞಾನಿಗಳು ಅದರ ಮೇಲಿನ ಸಂಶೋಧನೆಗಳನ್ನೆಲ್ಲ ಜಾಲಾಡಿದರು. ಮಕ್ಕಳನ್ನು ಹಾಗೆ ವಿಂಗಡಿಸಿ ಕಲಿಸಿದರೆ ಲಾಭವಿದೆ ಎನ್ನಲು ತಕ್ಕ ಪುರಾವೆ ಸಿಗಲಿಲ್ಲ.

ಗಟ್ಟಿಯಾಗಿ ನಿಂತಿರುವ ವಿಚಾರ ಬೇರೆ. ಕೆನಡಾದ ಮನೋವಿಜ್ಞಾನಿ ಅಲನ್ ಪೈವಿಯೊ 1971ರ ಹೊತ್ತಿಗೆ ಮಂಡಿಸಿದ್ದು: ಮಾತು ಮತ್ತು ಚಿತ್ರ ಮನಸ್ಸಿನಲ್ಲಿ ಎರಡು ದಾರಿಯಲ್ಲಿ ಕೂರುತ್ತವೆ, ಎರಡನ್ನೂ ಹೆಣೆದರೆ ನೆನಪು ಗಟ್ಟಿಯಾಗುತ್ತದೆ. ಇದು ಎಲ್ಲ ಮಕ್ಕಳಿಗೂ ಅನ್ವಯಿಸುವ ಮಾತು. ಹಾಗಾಗಿ ಟೀಚರೇ, ಆ ಹುಡುಗನಿಗೆ ರಿಯಾಯಿತಿ ಕೊಡುವ ಬದಲು ಉಳಿದ 26 ಮಂದಿಯ ಕೈಯಲ್ಲೂ ಗುಡ್ಡ ಕತ್ತರಿಸಿ.

ಉಪ್ಪಳದ ಅಮ್ಮ

ಎಲ್ಲರೂ ಕಣ್ಣು, ನೋಟ ಎನ್ನುತ್ತಿದ್ದೀರಿ. ನನ್ನ ಮಗಳಿಗೆ ದೃಷ್ಟಿ ಬಹಳ ಕಡಿಮೆ. ಹಲಗೆಯ ಮೇಲಿನ ಚಿತ್ರ ಅವಳಿಗೆ ಬಿಳಿ ಮಬ್ಬು. ಚಿತ್ರದಲ್ಲೇ ಪಾಠ ಮಾಡುತ್ತೇವೆ ಎಂದು ಶಾಲೆ ಹೊರಟರೆ ಅವಳು ಇನ್ನೂ ಹಿಂದಿನ ಬೆಂಚಿಗೆ ಹೋಗುತ್ತಾಳೆ.

ಅವಳ ಟೀಚರ್ ಒಬ್ಬರು ಕೇರಳದ ನಕ್ಷೆಯ ಅಂಚಿಗೆ ಗೋಂದು ಹಚ್ಚಿ ಹುರಿ ಅಂಟಿಸಿದರು, ಪಶ್ಚಿಮ ಘಟ್ಟಕ್ಕೆ ಆವೆಮಣ್ಣು ಮೆತ್ತಿದರು, ನದಿಗಳಿಗೆ ನೂಲು. ಮಗಳು ಬೆರಳು ಓಡಿಸಿ “ನದಿಗಳೆಲ್ಲ ಇಷ್ಟು ಗಿಡ್ಡವೇ ಅಮ್ಮ?” ಎಂದಳು. ನಾನು ಇಷ್ಟು ವರ್ಷ ಆ ನಕ್ಷೆ ನೋಡಿದ್ದೇನೆ, ನನಗೆ ಹಾಗೆ ಹೊಳೆದಿರಲಿಲ್ಲ. ಘಟ್ಟ ಕಡಲಿಗೆ ಅಷ್ಟು ಹತ್ತಿರ ಇರುವಾಗ ನದಿ ಉದ್ದವಾಗುವುದಾದರೂ ಹೇಗೆ? ಮರುದಿನ ಕಣ್ಣಿರುವ ಮಕ್ಕಳೂ ಆ ನಕ್ಷೆಗೆ ಮುಗಿಬಿದ್ದರಂತೆ. ಒಂದು ನದಿ ಕಿತ್ತು ಬಂತು.

ಏಳನೇ ಬಿ ಟೀಚರ್

ಅಕ್ಕ, ಇದನ್ನು ನಾನು ಯೋಚಿಸಿರಲೇ ಇಲ್ಲ. ಆ ಗುಡ್ಡವನ್ನು ಕಾಗದದಲ್ಲಿ ಅಲ್ಲ, ಮಣ್ಣಿನಲ್ಲೇ ಮಾಡಿಸಬೇಕು.

ಲ್ಯಾಬಿನ ಬೀಗದ ಕೈ

ಐಟಿ ಲ್ಯಾಬ್ ನೋಡಿಕೊಳ್ಳುವ ಹೈಸ್ಕೂಲ್ ಮಾಷ್ಟ್ರು ನಾನು. ಕೇರಳದ ಶಾಲೆಗಳಲ್ಲಿ ಸಲಕರಣೆಗೆ ಬರವಿಲ್ಲ. ಇಂಕ್‌ಸ್ಕೇಪ್, ಜಿಂಪ್, ಜಿಯೋಜಿಬ್ರ ಎಂಬ ಚಿತ್ರ, ಗಣಿತದ ತಂತ್ರಾಂಶಗಳೆಲ್ಲವೂ ಉಚಿತವಾಗಿ ಕಂಪ್ಯೂಟರಿನಲ್ಲೇ ಇವೆ, ಪಠ್ಯದಲ್ಲೂ ಇವೆ. 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕ್ಲಬ್ಬಿನ ಘಟಕಗಳೂ ಇವೆ. ಆದರೆ ಮಕ್ಕಳು ಇಂಕ್‌ಸ್ಕೇಪಿನಲ್ಲಿ ಏನು ಮಾಡುತ್ತಾರೆ? ಪುಸ್ತಕದಲ್ಲಿರುವ ಲಾಂಛನವನ್ನು ಹಾಗೆಯೇ ನಕಲು ಮಾಡುತ್ತಾರೆ. ಚೂಪು ಬೆಟ್ಟವೇ ಕಂಪ್ಯೂಟರಿಗೆ ಬಂತು, ಅಷ್ಟೆ.

ಕಳೆದ ವರ್ಷ ಒಂದು ಪ್ರಯೋಗ ಮಾಡಿದೆವು. ನಮ್ಮ ಶಾಲೆಯ ಎದುರಿನ ಬಸ್ ತಂಗುದಾಣದಲ್ಲಿ ಬಸ್ ಸಮಯದ ಫಲಕ ಇರಲಿಲ್ಲ. ಎಂಟನೆಯ ತರಗತಿಯ ಐವರು ಅದನ್ನು ಮಾಡುತ್ತೇವೆ ಎಂದರು. ಒಂದು ವಾರದಲ್ಲಿ ಇಂಕ್‌ಸ್ಕೇಪಿನಲ್ಲಿ ಬಹಳ ಚಂದದ ಫಲಕ ಸಿದ್ಧವಾಯಿತು. ಕನ್ನಡ, ಮಲಯಾಳ ಎರಡರಲ್ಲೂ 31 ಸಾಲು, ಹಿನ್ನೆಲೆಯಲ್ಲಿ ಬೇಕಲ ಕೋಟೆ. ಅಂಟಿಸಿದರು. ನಾನು ಭೇಷ್ ಎಂದೆ.

ಮೂರನೆಯ ದಿನ ಅವರಲ್ಲಿ ಒಬ್ಬಳು ಬಂದು, “ಮಾಷ್ಟ್ರೇ, ಯಾರೂ ಅದನ್ನು ನೋಡುವುದಿಲ್ಲ. ಅದರ ಕೆಳಗೆ ನಿಂತುಕೊಂಡೇ ನಮ್ಮಲ್ಲಿ ಬಸ್ ಕೇಳುತ್ತಾರೆ” ಎಂದಳು. ಹೋಗಿ ಕೂತು ಗಮನಿಸಿ ಎಂದೆ. ಎರಡು ಸಂಜೆ ಕೂತರು. ಪಡಿತರದ ಚೀಲ ಹಿಡಿದ ಒಬ್ಬರು ಅಜ್ಜಿಗೆ ಅಕ್ಷರ ಬಾರದು. ಕನ್ನಡಕ ಮರೆತು ಬಂದವರಿಗೆ ಅಕ್ಷರ ಸಣ್ಣದು. ಕೆಲಸಕ್ಕೆ ಬಂದ ಬಂಗಾಳದ ಹುಡುಗರಿಗೆ ಎರಡೂ ಲಿಪಿ ಗೊತ್ತಿಲ್ಲ. ಎಲ್ಲಕ್ಕಿಂತ ಮುಖ್ಯ, ಯಾರಿಗೂ 31 ಬಸ್ಸು ಬೇಡ. ಮುಂದಿನ ಒಂದು ಬಸ್ಸು ಸಾಕು, ಅದು ಆಸ್ಪತ್ರೆಯ ಕಡೆಗೋ ಪೇಟೆಯ ಕಡೆಗೋ ತಿಳಿದರೆ ಸಾಕು.

ಎರಡನೆಯ ಫಲಕದಲ್ಲಿ ಕೋಟೆ ಹೋಯಿತು. ನಾಲ್ಕು ದಿಕ್ಕಿಗೆ ನಾಲ್ಕು ಬಣ್ಣದ ಪಟ್ಟಿ. ಕುಂಬಳೆಗೆ ರೈಲಿನ ಚಿತ್ರ, ಆಸ್ಪತ್ರೆಗೆ ಹಾಸಿಗೆ, ಮುಳ್ಳೇರಿಯ ದಾರಿಗೆ ಅಡಿಕೆ ಗೊನೆ. ಸಮಯಕ್ಕೆ ಗಡಿಯಾರದ ಮುಖವನ್ನೇ ಬರೆದರು. ಅಜ್ಜಿಗೆ ತೋರಿಸಿದಾಗ ಅವರು ಅಡಿಕೆ ಗೊನೆಯನ್ನು ನೋಡಿ ದ್ರಾಕ್ಷಿ ಎಂದರು. ಮತ್ತೆ ಬದಲಾಯಿತು. ಮೂರನೆಯದನ್ನು ಅಂಟಿಸಿ ಎರಡು ತಿಂಗಳಲ್ಲಿ ಬಿಸಿಲಿಗೆ ಕೆಂಪು ಮತ್ತು ಹಳದಿ ಎರಡೂ ಮಾಸಿ ಒಂದೇ ಆದವು. ಈಗ ಬಣ್ಣದ ಜೊತೆ ಆಕಾರವನ್ನೂ ಬೇರೆ ಬೇರೆ ಮಾಡಿದ್ದಾರೆ: ಚೌಕ, ವೃತ್ತ, ತ್ರಿಕೋನ. ಬಣ್ಣ ಹೋದರೂ ಆಕಾರ ಉಳಿಯುತ್ತದೆ.

ಆ ಐವರಲ್ಲಿ ಒಬ್ಬನಿಗೆ ಕನ್ನಡದಲ್ಲಿ ಡಿ ಗ್ರೇಡ್. ಅಜ್ಜಿಯೊಡನೆ ಮಾತಾಡಿ, ಅವರು ಏನು ಕೇಳಿದರು ಎಂದು ನಾಲ್ಕು ಪುಟ ಬರೆದು ತಂದವನು ಅವನೇ.

ಪೆರ್ಲದಿಂದ ಪೀಣ್ಯ

ಮಾಷ್ಟ್ರೇ, ಆ ದ್ರಾಕ್ಷಿ ಇದೆಯಲ್ಲ, ಅದು ನಮ್ಮ ಕಚೇರಿಯಲ್ಲಿ ವಾರಕ್ಕೊಮ್ಮೆ ನಡೆಯುತ್ತದೆ. ನಾವು ಗೊನೆ ಎಂದುಕೊಂಡದ್ದು ಬಳಸುವವರಿಗೆ ದ್ರಾಕ್ಷಿ.

ಮಕ್ಕಳಿಗೆ ಲಂಡನ್ನಿನ ಸುರಂಗ ರೈಲಿನ ನಕ್ಷೆ ತೋರಿಸಿ. ಅದನ್ನು ಬರೆದ ಹ್ಯಾರಿ ಬೆಕ್ ಅಲ್ಲಿ ಸಿಗ್ನಲ್ ವಿಭಾಗದಲ್ಲಿ ಎಂಜಿನಿಯರಿಂಗ್ ರೇಖಾಚಿತ್ರ ಬರೆಯುವ ಕೆಲಸದಲ್ಲಿ ದುಡಿದವರು. 1931ರಲ್ಲಿ ಬರೆದಾಗ ಕಂಪೆನಿ ಬೇಡವೆಂದಿತು, 1933ರಲ್ಲಿ ಅಚ್ಚಾಯಿತು. ನೆಲದ ಮೇಲೆ ರೈಲು ಹೇಗೆ ಬಳುಕುತ್ತದೆ ಎಂಬುದನ್ನು ಅವರು ಬಿಟ್ಟೇ ಬಿಟ್ಟರು. ಪ್ರಯಾಣಿಕನಿಗೆ ಬೇಕಾದದ್ದು ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು, ಎಲ್ಲಿ ಇಳಿಯಬೇಕು ಎಂಬುದಷ್ಟೆ. ನಿಮ್ಮ ಮಕ್ಕಳು 31 ಸಾಲು ತೆಗೆದು ಹಾಕಿದರಲ್ಲ, ಅದೇ ಧೈರ್ಯ.

ಏಳನೇ ಬಿ ಟೀಚರ್

ಇವತ್ತಿನ ಸಂಗತಿ ಹೇಳಿಬಿಡುತ್ತೇನೆ. ಉತ್ತರ ಪತ್ರಿಕೆಗಳನ್ನು ಹಿಂದಿರುಗಿಸಲಿಲ್ಲ. ಅವನನ್ನು ಕರೆದು ಹಲಗೆಯ ಮೇಲೆ ಆ ಚಿತ್ರ ಬರೆಯಲು ಹೇಳಿದೆ. ಬರೆದ. ಮೋಡಕ್ಕೆ ನೀರು ಎಲ್ಲಿಂದ ಬರುತ್ತದೆ, ಅದನ್ನು ಏಕೆ ಬರೆಯಲಿಲ್ಲ ಎಂದು ಕೇಳಿದೆ. “ಅದು ಪುಸ್ತಕದಲ್ಲೇ ಇದೆಯಲ್ಲ ಟೀಚರ್” ಎಂದ. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದರೆ ಸಾಕು ಎಂದು ಅವನು ತಿಳಿದಿದ್ದ!

ಉಳಿದವರಿಗೆ ಹೇಳಿದೆ, ಬಿಟ್ಟು ಹೋದದ್ದನ್ನು ನೀವು ಸೇರಿಸಿ. ಒಬ್ಬಳು ಕಡಲು ಸೇರಿಸಿದಳು. ಇನ್ನೊಬ್ಬ ಟಾಂಕಿಯ ನೀರು ಅಡಿಕೆ ಮರದ ಬೇರಿಗೆ ಹೋಗಿ ಸೋಗೆಯಿಂದ ಆವಿಯಾಗುವ ಬಾಣ ಹಾಕಿದ. ಅದು ಸರಿಯೇ ತಪ್ಪೇ ಎಂದು ಐದು ನಿಮಿಷ ಜಗಳ. ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು, “ನಮ್ಮ ಮನೆಯಲ್ಲಿ ಸುರಂಗ ಇಲ್ಲ, ಬೋರ್‌ವೆಲ್ ಇದೆ” ಎಂದು ಪದವಿನ ನೆತ್ತಿಯಿಂದ ನೆಟ್ಟಗೆ ಕೆಳಕ್ಕೆ ಒಂದು ಗೆರೆ ಎಳೆದಳು. ಗೆರೆ ಮುರಕಲ್ಲು ದಾಟಿತು, ಶೇಡಿ ದಾಟಿತು, ಹಲಗೆಯ ಅಂಚಿಗೆ ಬಂದು ನಿಂತಿತು. ಸುರಂಗದ ಹುಡುಗ ಅದನ್ನೇ ನೋಡುತ್ತಿದ್ದ. ಆಮೇಲೆ, “ಹಾಗಾದರೆ ನಮ್ಮ ನೀರು ಅದರಲ್ಲಿ ಇಳಿದು ಹೋಗುವುದಿಲ್ಲವಾ?” ಎಂದ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬರುವ ಜಿಲ್ಲೆ ನಮ್ಮದು. ಆದರೂ ಏಪ್ರಿಲ್ ತಿಂಗಳಲ್ಲಿ ಕೊಡ ಹಿಡಿದು ನಿಲ್ಲುತ್ತೇವೆ. ಇಷ್ಟು ವರ್ಷದ ನನ್ನ ಜಲಚಕ್ರದ ಪಾಠದಲ್ಲಿ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಚೂಪು ಬೆಟ್ಟದ ಚಿತ್ರದಲ್ಲಿ ಬೋರ್‌ವೆಲ್ಲಿಗೆ ಜಾಗವೇ ಇಲ್ಲವಲ್ಲ.

ಅನುಮಾನ ಪಿಶಾಚಿ

ಇನ್ನು ಅಲ್ಲಿಗೇ ಬಿಡಬೇಡಿ. ಪ್ರತಿ ಮಗುವಿನ ಮನೆಯ ನೀರು ಯಾವುದು, ಯಾವ ತಿಂಗಳಲ್ಲಿ ಬತ್ತುತ್ತದೆ ಎಂದು ವಾರ್ಡಿನ ನಕ್ಷೆಯ ಮೇಲೆ ಚುಕ್ಕೆ ಇಡಿಸಿ. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾದಿಂದ ಸತ್ತವರ ಮನೆಗಳನ್ನು ಹಾಗೆ ಗುರುತಿಸಿದಾಗ ಗುರುತುಗಳೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ನಿಂತವು. ಮಕ್ಕಳ ಚುಕ್ಕೆಗಳು ಏನು ಹೇಳುತ್ತವೋ. ಬೋರ್‌ವೆಲ್ಲಿನ ಮೇಲಿನ ಆರೋಪವೂ ಅಲ್ಲಿಯವರೆಗೆ ಅನುಮಾನವೇ.

ನಿವೃತ್ತ ಗಣಿತ

ಟೀಚರೇ, ಮೂರೂವರೆ ಕೊಡಿ. ಇಳಿಜಾರು ಸರಿಯಾಗಿ ಬರೆದದ್ದಕ್ಕೆ ಒಂದೂವರೆ. ಆವಿಯ ಬಾಣವಿಲ್ಲದೆ ಪೂರ್ತಿ ಐದು ಕೊಡಲು ನನ್ನ ಕೈಯಿಂದ ಆಗದು. ಪ್ರಶ್ನೆಯನ್ನೇ ಬದಲಿಸಿದರೆ ಬೇರೆ ಮಾತು. “ನಿಮ್ಮ ಮನೆಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಬರೆದು ತೋರಿಸಿ” ಎಂದು ಕೇಳಿ, ಆಗ ಆ 26 ಮಂದಿಗೆ ಎಷ್ಟು ಬರುತ್ತದೆ ನೋಡೋಣ.

ಗುಡ್ಡದ ಮನೆ

ಟೀಚರೇ, ಮುಂದಿನ ಶನಿವಾರ ಮಕ್ಕಳನ್ನು ನಮ್ಮಲ್ಲಿಗೆ ಕರೆದುಕೊಂಡು ಬನ್ನಿ. ತಂದೆ ತೋಡಿದ ಸುರಂಗ ಇನ್ನೂ ಗಟ್ಟಿಯಾಗಿದೆ, ನೀರೂ ಇದೆ. ಬಾಯಿಯಿಂದ ಹತ್ತು ಹೆಜ್ಜೆ ಮಾತ್ರ, ಒಮ್ಮೆಗೆ ಇಬ್ಬರು, ಮುಂದೆ ನಾನಿರುತ್ತೇನೆ. ಒಳಗೆ ಬಾವಲಿಗಳಿವೆ, ಕೂಗಬಾರದೆಂದು ಮೊದಲೇ ಹೇಳಿರಿ. ಉಪ್ಪಳದ ಅಕ್ಕ ಮಗಳನ್ನು ಕರೆತಂದರೆ ಅವಳೇ ಮೊದಲು ಒಳಗೆ ಹೋಗಲಿ. ಅಲ್ಲಿ ನಮಗೂ ಏನೂ ಕಾಣಿಸುವುದಿಲ್ಲ, ಗೋಡೆಯ ಒಸರನ್ನು ಕೈಯಿಂದಲೇ ನೋಡಬೇಕು.

ಉಪ್ಪಳದ ಅಮ್ಮ

ಬರುತ್ತೇವೆ. ಬಸ್ ಎಷ್ಟು ಗಂಟೆಗೆ?

ಲ್ಯಾಬಿನ ಬೀಗದ ಕೈ

ತ್ರಿಕೋನದ ಪಟ್ಟಿ, 9.20.